ಗಾಳಿಯ ಕೆಳಗೆ ಹಾಯುವ ಚೆಂಡು

ಆಷಾಢದಲ್ಲಿ ರಾಯಚೂರಿನಿಂದ ಮಾನ್ವಿಯ ದಾರಿ ಹಿಡಿದವರಿಗೆ ಗಾಳಿಯೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಪಡುವಣದಿಂದ ಹೊರಟದ್ದು ಬಯಲಿನ ಮೇಲೆ ಹಗಲಿಡೀ ಬೀಸುತ್ತದೆ. ಬಾಲ್ಯದಲ್ಲಿ ದೇವದುರ್ಗದಲ್ಲಿ ನಾವು ಚಿನ್ನಿದಾಂಡು ಆಡುತ್ತಿದ್ದುದು ಇದೇ ಗಾಳಿಯಲ್ಲಿ. ಒಮ್ಮೆ ನಮ್ಮ ಓಣಿಯ ಕೊನೆಯ ಆಟಗಾರನಾಗಿ ನಿಂತ ನಾನು ಗಾಳಿಗೆ ಎದುರಾಗಿ ಇದ್ದ ಬಲವನ್ನೆಲ್ಲ ಸುರಿದು ಹೊಡೆದೆ. ಚಿನ್ನಿ ಮುಗಿಲಿಗೇರಿತು, ಅಲ್ಲಿ ಕ್ಷಣಕಾಲ ಯೋಚಿಸುವಂತೆ ನಿಂತಿತು, ಬಳಿಕ ಹಿಂದಕ್ಕೆ ಸರಿದು ಎದುರಾಳಿ ಹುಡುಗನ ಬೊಗಸೆಗೆ ಬಿದ್ದಿತು. ಓಣಿಯ ಮಾನ ಹೋಯಿತು. “ಗಾಳಿ ಕೂಡ ಜಗಳ ಆಡಬ್ಯಾಡೋ, ನೆಲಾ ಹಿಡಿದು ಹೊಡಿ” ಎಂದು ಸೋದರಮಾವ ಗದರಿದರು.

ಆ ಮಾತು ಮತ್ತೆ ನೆನಪಾದದ್ದು ಐವತ್ತು ವರ್ಷಗಳ ತರುವಾಯ, ಬೆಂಗಳೂರಿನಲ್ಲಿ ತಮ್ಮನ ಮಗನು ಗಾಲ್ಫ್ ಆಡುವುದನ್ನು ನೋಡುತ್ತ ನಿಂತಾಗ. ಬೆಂಗಳೂರಿಗೆ ಈ ಆಟ ಹೊಸತಲ್ಲ. ಅಲ್ಲಿಯ ಗಾಲ್ಫ್ ಕ್ಲಬ್ಬು 1876ರದು. ಕೋಲಾರದ ಚಿನ್ನದ ಗಣಿಗೆ ಬಂದ ಆಂಗ್ಲರೂ ಅಲ್ಲೊಂದು ಮೈದಾನ ಮಾಡಿಕೊಂಡರು. ನಮ್ಮ ಹಟ್ಟಿಯಲ್ಲಿ ಚಿನ್ನವೇನೋ ಉಂಟು. ರಾಯಚೂರಿನಲ್ಲಿ ಗಾಲ್ಫ್ ಆಡಿದವರನ್ನು ಮಾತ್ರ ನಾನು ಕಂಡಿಲ್ಲ. ಆದುದರಿಂದ ತುಸು ವಿವರಿಸುವುದು ಅವಶ್ಯ.

ಗಾಲ್ಫ್ ಕೋಲಿನ ಮುಖ ಹಿಂದಕ್ಕೆ ವಾಲಿರುತ್ತದೆ. ಅದರ ಪೆಟ್ಟಿಗೆ ಚೆಂಡು ಮೇಲೇರುವುದಲ್ಲದೆ ಹಿಮ್ಮುಖವಾಗಿ ಗಿರಗಿರನೆ ಸುತ್ತುತ್ತದೆ. ಈ ಸುತ್ತೇ ಚೆಂಡನ್ನು ಆಕಾಶದಲ್ಲಿ ಎತ್ತಿ ಹಿಡಿಯುವ ಶಕ್ತಿಯೆಂಬುದನ್ನು ಎಡಿನ್‌ಬರೋದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್ 1890ರ ದಶಕದಲ್ಲಿ ವಿವರಿಸಿದರು. (ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಪಂದ್ಯಾವಳಿ ಗೆದ್ದವನು, ಪ್ರಯೋಗಶಾಲೆ ಮನೆಯಲ್ಲಿಯೇ ಇತ್ತೆನ್ನಬೇಕು.) ಬಲವಾಗಿ ಹೊಡೆದಷ್ಟೂ ಸುತ್ತು ಹೆಚ್ಚು. ಎದುರುಗಾಳಿ ಸೇರಿದರೆ ಎತ್ತುವ ಶಕ್ತಿಯೂ ತಡೆಯುವ ಶಕ್ತಿಯೂ ಒಟ್ಟಿಗೇ ಬೆಳೆಯುತ್ತವೆ. ಸುಮಾರು 46 ಗ್ರಾಂ ತೂಕದ ಆ ಚೆಂಡು ಮೇಲೇರಿ, ಸೋತು, ಸಮೀಪದಲ್ಲಿಯೇ ಬೀಳುತ್ತದೆ. ಚಿನ್ನಿ ಸುತ್ತುವ ಬಗೆ ಬೇರೆ. ಎರಡಕ್ಕೂ ಕಾರಣವೊಂದೇ ಎನ್ನಲಾರೆ. ಹೊಡೆಯುವವನ ತಪ್ಪು ಮಾತ್ರ ಒಂದೇ.

ಅಂದು ನಮ್ಮ ಹುಡುಗನೂ ಅದನ್ನೇ ಮಾಡಿದ. ನಾನು ಸೋದರಮಾವನ ಮಾತನ್ನು ಹೇಳಿದೆ. “ನೆಲ ಹಿಡಿಯುವ ಹೊಡೆತ ಇದರಲ್ಲೂ ಇದೆ, ದೊಡ್ಡಪ್ಪ. ಗಾಳಿ ಬಂದಾಗ ಮನಸ್ಸು ಕೇಳುವುದಿಲ್ಲ” ಎಂದು ನಕ್ಕು, ಮಾಡಿ ತೋರಿಸಿದ. ಮುಖ ಕಡಿಮೆ ವಾಲಿದ ಕೋಲನ್ನು ಆರಿಸಿ, ಹಿಡಿಯನ್ನು ತುಸು ಕೆಳಗೆ ಹಿಡಿದ. ಚೆಂಡು ಬಲಪಾದದ ಕಡೆಗೆ ಸರಿಯಿತು. ಮೈಭಾರ ಎಡಗಾಲಿಗೆ ಬಂದಿತು. ಕೈಗಳು ಚೆಂಡಿಗಿಂತ ಮುಂದಾದವು. ಕೋಲನ್ನು ಅರ್ಧಕ್ಕಷ್ಟೇ ಎತ್ತಿ ಸಾವಧಾನವಾಗಿ ಬೀಸಿದ. ಪೆಟ್ಟು ಬಿದ್ದ ಮೇಲೂ ಕೋಲು ಹೆಗಲಿಗೇರಲಿಲ್ಲ, ಸೊಂಟದ ಮಟ್ಟದಲ್ಲಿಯೇ ನಿಂತಿತು.

ಚೆಂಡು ಗಾಳಿಯ ಕೆಳಗೆ ನುಸುಳಿದಂತೆ ತಗ್ಗಿನಲ್ಲಿ ಹಾಯ್ದು, ನೆಲ ಮುಟ್ಟಿ, ಬಹುದೂರ ಉರುಳಿತು. ಉರುಳುತ್ತಲೇ ಹೋಗಿ ಮರಳಿನ ಗುಂಡಿಗೆ ಬಿದ್ದಿತು. ದಾರಿಯಲ್ಲಿ ಗುಂಡಿಯೋ ಕೊಳವೋ ಇದ್ದರೆ ಈ ಹೊಡೆತ ಕೂಡದಂತೆ. ಆ ಎಚ್ಚರವನ್ನು ಅವನು ಹೇಳಿದ್ದು ಮರಳನ್ನು ಕೆದಕುತ್ತ ನಿಂತಾಗ.