ಕನ್ನಡ ವೈದ್ಯಗ್ರಂಥಗಳ ಅಧ್ಯಯನ ಮತ್ತು ಗ್ರಂಥಾಲಯದ ಆಕರಗಳು

ಕನ್ನಡ ವೈದ್ಯಸಾಹಿತ್ಯವನ್ನು ಕುರಿತ ಬರವಣಿಗೆಯಲ್ಲಿ ಹೆಚ್ಚಿನದು ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ ಒದಗಿಸಿದ ವಿವರಗಳನ್ನೇ ಅವಲಂಬಿಸಿದೆ. ಇದು ಸಹಜವೇ. 1907ರಲ್ಲಿ ಮೊದಲ ಸಂಪುಟ ಕಂಡ ಆ ಗ್ರಂಥದಿಂದಲೇ ಕೀರ್ತಿವರ್ಮನ ‘ಗೋವೈದ್ಯ’ (ಸು. 1125), ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ (ಸು. 1150) ಮೊದಲಾದವು ಅಧ್ಯಾಪಕರಿಗೆ ಪರಿಚಿತವಾದುವು. ಆದರೆ ಕವಿಚರಿತೆ ಕೇಳುವುದು ಕವಿಯ ಕಾಲ, ಮತ, ಆಶ್ರಯಗಳನ್ನು. ವೈದ್ಯದ ಇತಿಹಾಸಕಾರನಿಗೆ ಬೇಕಾದುದು ರೋಗ, ದ್ರವ್ಯ, ಪ್ರಮಾಣ, ಚಿಕಿತ್ಸಾಕ್ರಮ. ಅದಕ್ಕೆ ಬೇಕಾದ ಸಾಮಗ್ರಿ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿಯೇ ಉಂಟು. ಆದರೆ ಒಂದೆಡೆ ಇಲ್ಲ.

ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನು (ಸು. 1360) ನೋಡಬಹುದು. ಹದಿನಾರು ಅಧಿಕಾರಗಳ ಈ ಕೃತಿಯ ವಿಷಯ ಸ್ಥಾವರ ಜಂಗಮ ವಿಷಗಳ ಚಿಕಿತ್ಸೆ. ಮದರಾಸು ವಿಶ್ವವಿದ್ಯಾಲಯವು ಇದನ್ನು 1942ರಲ್ಲಿ ಪ್ರಕಟಿಸಿತು. ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ವಿಷಶಾಸ್ತ್ರದ್ದು 615.9. ಕಂದವೃತ್ತಗಳಲ್ಲಿರುವ ಕಾರಣಕ್ಕೆ ಕೃತಿಯು ಮೊದಲ ಸಂಖ್ಯೆಯ ಕಪಾಟಿಗೆ ಸೇರಿದರೆ ವೈದ್ಯದ ಸಂಶೋಧಕ ಅತ್ತ ಸುಳಿಯುವುದಿಲ್ಲ. ಸುಳಿಯುವ ಸಾಹಿತ್ಯದ ವಿದ್ಯಾರ್ಥಿಗೋ ಅದು ಕಾವ್ಯಗುಣ ವಿರಳವಾದ ‘ಶಾಸ್ತ್ರಕಾವ್ಯ’. ಹೀಗೆ ಒಂದು ಕೃತಿ ಇಬ್ಬರಿಗೂ ಅನ್ಯವಾಗಿಬಿಡುತ್ತದೆ.

ಹೆಸರುಗಳ ಗೊಂದಲವೂ ಸಣ್ಣದಲ್ಲ. ‘ಕಲ್ಯಾಣಕಾರಕ’ವೆಂದು ಸೂಚಿಯಲ್ಲಿ ಹುಡುಕುವವನಿಗೆ ಸೋಮನಾಥನ ಕನ್ನಡ ಕೃತಿಯೊಡನೆ ಉಗ್ರಾದಿತ್ಯನ ಸಂಸ್ಕೃತ ಕೃತಿಯೂ ಎದುರಾಗುತ್ತದೆ, ಎರಡನೆಯದು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಎರಡರ ಹಿಂದೆಯೂ ಪೂಜ್ಯಪಾದರ ಹೆಸರಿನ ಪರಂಪರೆಯಿದೆ. ಒಂದರ ಮಾಹಿತಿಯನ್ನು ಇನ್ನೊಂದಕ್ಕೆ ಆರೋಪಿಸುವ ಅಪಾಯವಿರುವುದರಿಂದ ಭಾಷೆ, ಕರ್ತೃ, ಪುಷ್ಪಿಕೆ ಮೂರನ್ನೂ ನೋಡದೆ ಉಲ್ಲೇಖಿಸಲಾಗದು.

ಹೆಚ್ಚಿನ ಶ್ರಮ ಬೇಡುವುದು ಹಸ್ತಪ್ರತಿ ವಿಭಾಗ. ಒಂದೇ ಓಲೆಗರಿಯ ಕಟ್ಟಿನಲ್ಲಿ ಹಲವು ಕೃತಿಗಳಿರುವುದು ಸಾಮಾನ್ಯ. ಸ್ತೋತ್ರವೋ ಜ್ಯೋತಿಷವೋ ಮುಗಿದ ಮೇಲೆ ಉಳಿದ ಗರಿಗಳಲ್ಲಿ ಯಾರೋ ಔಷಧದ ಯೋಗಗಳನ್ನು ಬರೆದಿಟ್ಟಿರಬಹುದು. ಕರ್ತೃವಿಲ್ಲದ ಇಂತಹ ಬರೆಹ ಕವಿಚರಿತೆಗೆ ದಕ್ಕುವುದಲ್ಲ. ಆದರೆ ಮನೆವೈದ್ಯದ ಆಚರಣೆಗೆ ಶಾಸ್ತ್ರಗ್ರಂಥಕ್ಕಿಂತ ಹತ್ತಿರದ ಸಾಕ್ಷಿ ಇದೇ. ವಿವರಣಾತ್ಮಕ ಸೂಚಿಯಲ್ಲಿ ‘ವೈದ್ಯ’ ಎಂಬ ಶೀರ್ಷಿಕೆಯನ್ನಷ್ಟೇ ನೋಡಿ ತೃಪ್ತರಾಗುವಂತಿಲ್ಲ.

ಪಾಠಾಂತರಗಳ ಮಾತು ಇಲ್ಲಿಯೇ ಬರುತ್ತದೆ. ಸಾಹಿತ್ಯಕೃತಿಯ ಸಂಪಾದಕ ಛಂದಸ್ಸಿಗೂ ಅರ್ಥಕ್ಕೂ ಒಪ್ಪುವ ಪಾಠವನ್ನು ಮೇಲಿಟ್ಟು ಉಳಿದವನ್ನು ಅಡಿಯಲ್ಲಿ ಕೊಡುತ್ತಾನೆ. ವೈದ್ಯಗ್ರಂಥದಲ್ಲಿ ಆ ಅಡಿಯ ಪಾಠವೇ ಇನ್ನೊಂದು ಮೂಲಿಕೆಯಾಗಿರಬಹುದು. ಹೆಸರು ಒಂದೇ ಆದಾಗಲೂ ವಸ್ತು ಒಂದೇ ಎನ್ನಲಾಗದು: ‘ಶಂಖಪುಷ್ಪಿ’ ಎಂದರೆ ಕೇರಳದ ವೈದ್ಯರಿಗೆ ಗಿರಿಕರ್ಣಿಕೆ, ಉತ್ತರದವರಿಗೆ ಬೇರೊಂದು ಸಸ್ಯ. ಆದ್ದರಿಂದ ನಿಘಂಟಿನ ಜೊತೆಗೆ ಸಸ್ಯಶಾಸ್ತ್ರ ವಿಭಾಗದ ಪ್ರಾದೇಶಿಕ ಸಸ್ಯಸಂಪತ್ತಿನ ಗ್ರಂಥಗಳನ್ನೂ ತೆರೆಯಬೇಕಾಗುತ್ತದೆ.

ಶಾಸನಗಳಲ್ಲಿ ವೈದ್ಯದ ಉಲ್ಲೇಖಗಳು ದತ್ತಿಯ ವಿವರಗಳ ನಡುವೆ ಅಡಗಿರುತ್ತವೆ. ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿರುವ, 1162ರ ಬಳ್ಳಿಗಾವೆಯ ಕೋಡಿಯ ಮಠದ ಶಾಸನವು (ಶಿಕಾರಿಪುರ 102) ಆ ಕಾಳಾಮುಖ ಮಠವನ್ನು ವಿದ್ಯಾಸ್ಥಾನವೆಂದಷ್ಟೇ ಅಲ್ಲದೆ ರೋಗಿಗಳಿಗೂ ಅನಾಥರಿಗೂ ಔಷಧೋಪಚಾರ ದೊರೆಯುವ ಸ್ಥಳವೆಂದೂ ವರ್ಣಿಸುತ್ತದೆ. ಇದು ಕೀರ್ತಿವರ್ಮ, ಸೋಮನಾಥರ ಶತಮಾನವೇ. ಆ ಲೇಖಕರು ಜೈನರು; ಮಠ ಶೈವರದು. ಮದ್ಯಮಾಂಸಗಳನ್ನು ವರ್ಜಿಸಿದ ಜೈನ ಚಿಕಿತ್ಸಾಕ್ರಮಕ್ಕೂ ಮಠದ ಔಷಧಶಾಲೆಗೂ ಎಷ್ಟು ಸಂಬಂಧವಿತ್ತು ಎಂಬ ಪ್ರಶ್ನೆ ಶಾಸನ ಸಂಪುಟವನ್ನೂ ವೈದ್ಯಗ್ರಂಥವನ್ನೂ ಒಂದೇ ಮೇಜಿನ ಮೇಲೆ ತೆರೆದಾಗಲೇ ಏಳುತ್ತದೆ.