ಮಣ್ಣೊಳಗಿನ ಲೋಹದ ದನಿ

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡನಿಗೆ ಹಂತಕನೊಬ್ಬನ ಗುಂಡು ತಗುಲಿತು. ಗುಂಡು ದೇಹದ ಯಾವ ಭಾಗದಲ್ಲಿ ಅಡಗಿದೆಯೆಂಬುದು ವೈದ್ಯರಿಗೆ ತಿಳಿಯಲಿಲ್ಲ. ಕ್ಷಕಿರಣಗಳು ಇನ್ನೂ ಪತ್ತೆಯಾಗಿರದ ಕಾಲವದು. ದೂರವಾಣಿಯಿಂದ ಖ್ಯಾತನಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್, ತಂತಿಯ ಸುರುಳಿಗಳಿಂದ ಒಂದು ಉಪಕರಣವನ್ನು ರಚಿಸಿ ರೋಗಿಯ ಬಳಿಗೆ ತಂದನು. ಪ್ರಯೋಗಶಾಲೆಯಲ್ಲಿ ಗುಂಡನ್ನು ಚೆನ್ನಾಗಿ ಗುರುತಿಸುತ್ತಿದ್ದ ಆ ಉಪಕರಣ ಅಲ್ಲಿ ಗೊಂದಲಕ್ಕೊಳಗಾಯಿತು. ಹಾಸಿಗೆಯೊಳಗಿನ ಉಕ್ಕಿನ ಸುರುಳಿಗಳೂ ಅದರ ಪಾಲಿಗೆ ಲೋಹವೇ ಆಗಿದ್ದವು. ಸಾಲದುದಕ್ಕೆ, ಮುಖ್ಯ ವೈದ್ಯನು ದೇಹದ ಬಲಭಾಗವನ್ನು ಮಾತ್ರ ಶೋಧಿಸಲು ಒಪ್ಪಿದನು. ಗುಂಡು ಬೆನ್ನೆಲುಬಿನ ಎಡಕ್ಕಿತ್ತು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡನು.

ಇಲ್ಲಿ ಲೋಹವಿದೆ ಎಂದು ಹೇಳುವುದು ಒಂದು ಕೆಲಸ. ಅದು ಯಾವ ಲೋಹವೆಂದು ಹೇಳುವುದು ಬೇರೆಯೇ ಕೆಲಸ. ಲೋಹಶೋಧಕದ ಇತಿಹಾಸವೆಲ್ಲ ಈ ಎರಡನೆಯ ಕೆಲಸಕ್ಕಾಗಿ ನಡೆದ ಹೆಣಗಾಟವೆಂದರೆ ತಪ್ಪಾಗಲಾರದು.

ಇದರ ಮೂಲತತ್ತ್ವ ಸರಳವಾದುದು. ತಂತಿಯ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ತನ್ನು ಹರಿಸಿದರೆ ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರವು ಉಂಟಾಗುತ್ತದೆ. ಈ ಕ್ಷೇತ್ರದೊಳಗೆ ನಾಣ್ಯವೊಂದು ಸಿಕ್ಕಿದರೆ ಅದರಲ್ಲಿ ಸಣ್ಣ ಸುಳಿಪ್ರವಾಹಗಳು ಹುಟ್ಟುತ್ತವೆ. ಅವು ತಮ್ಮದೇ ಆದ ಕಾಂತಕ್ಷೇತ್ರವನ್ನು ನಿರ್ಮಿಸಿ, ಮೇಲಿನ ಸುರುಳಿಗೆ ಒಂದು ಮರುದನಿಯನ್ನು ಕಳುಹಿಸುತ್ತವೆ.

ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೋಜೆಫ್ ಕೊಸಾಟ್ಸ್ಕಿಯು ರೂಪಿಸಿದ ನೆಲಬಾಂಬು ಶೋಧಕವು 1942ರಲ್ಲಿ ಎಲ್ ಅಲಮೇನ್ ಕದನದಲ್ಲಿ ಬಳಕೆಯಾಯಿತು. ಯುದ್ಧ ಮುಗಿದ ಬಳಿಕ ಸೇನೆಗೆ ಬೇಡವಾದ ಇಂತಹ ಯಂತ್ರಗಳು ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಹವ್ಯಾಸಿಗಳ ಕೈಸೇರಿದವು. ಮುಂದೆ ಟ್ರಾನ್ಸಿಸ್ಟರುಗಳು ಬಂದು ಯಂತ್ರವು ಹಗುರವಾಯಿತು. ಆ ಕಾಲದ ಅಗ್ಗದ ಶೋಧಕಗಳಲ್ಲಿ ಎರಡು ಆಂದೋಲಕಗಳಿದ್ದವು. ಶ್ರುತಿ ಸರಿಯಾಗಿ ಸೇರದ ಎರಡು ತಂಬೂರಿ ತಂತಿಗಳನ್ನು ಒಟ್ಟಿಗೆ ಮೀಟಿದಾಗ ಏರಿಳಿಯುವ ಒಂದು ಅಲೆಯನ್ನು ನೀವು ಕೇಳಿರಬಹುದು. ಈ ಯಂತ್ರದ ದನಿಯೂ ಅಂತಹುದೇ. ಸುರುಳಿಯ ಕೆಳಗೆ ಲೋಹ ಬಂದೊಡನೆ ಒಂದು ಆಂದೋಲಕದ ಶ್ರುತಿ ತುಸು ಬದಲಾಗಿ ಅಲೆಯ ವೇಗ ಹೆಚ್ಚುಕಡಿಮೆಯಾಗುತ್ತಿತ್ತು. ಬಿಸಿಲಿನಿಂದ ನೆರಳಿಗೆ ಬಂದರೂ ಶ್ರುತಿ ಕದಲುತ್ತಿತ್ತು! ಬೆಳ್ಳಿಯ ನಾಣ್ಯ, ತುಕ್ಕುಹಿಡಿದ ಮೊಳೆ, ಡಬ್ಬಿಯ ಮುಚ್ಚಳ ಎಲ್ಲವೂ ಸದ್ದು ಮಾಡುತ್ತಿದ್ದುದರಿಂದ, ಹವ್ಯಾಸಿಯು ಅಗೆದ ಗುಂಡಿಗಳಲ್ಲಿ ಬಹುಪಾಲು ವ್ಯರ್ಥವಾಗುತ್ತಿದ್ದವು.

1970ರ ದಶಕದಲ್ಲಿ ಈ ಬವಣೆಗೆ ಒಂದು ಪರಿಹಾರ ದೊರೆಯಿತು. ಒಂದು ಸುರುಳಿ ಕ್ಷೇತ್ರವನ್ನು ಬೀರಿದರೆ ಇನ್ನೊಂದು ಮರುದನಿಯನ್ನು ಮಾತ್ರ ಆಲಿಸುವ ಏರ್ಪಾಡು ಅದು. ಬೆಳ್ಳಿ, ತಾಮ್ರಗಳಂತಹ ಉತ್ತಮ ವಾಹಕಗಳಲ್ಲಿ ಸುಳಿಪ್ರವಾಹವು ನಿಧಾನವಾಗಿ ಕುಂದುತ್ತದೆ. ತೆಳುವಾದ ತಗಡಿನಲ್ಲಿ ಬಹುಬೇಗ ಕುಂದುತ್ತದೆ. ಈ ವಿಳಂಬವನ್ನು ಅಳೆದು ಯಂತ್ರವು ವಸ್ತುಗಳನ್ನು ಬೇರ್ಪಡಿಸಲು ಕಲಿಯಿತು. ಇಂದಿನ ಶೋಧಕಗಳು ಆ ಅಳತೆಯನ್ನು ಅಂಕಿಯಾಗಿ ತೆರೆಯ ಮೇಲೆ ತೋರಿಸುತ್ತವೆ. ಹಲವು ಆವರ್ತಾಂಕಗಳನ್ನು ಏಕಕಾಲದಲ್ಲಿ ಬಳಸುವ ಯಂತ್ರಗಳೂ ಈಗ ಇವೆ. ಕಡಿಮೆ ಆವರ್ತಾಂಕವು ದೊಡ್ಡ ಬೆಳ್ಳಿ ನಾಣ್ಯಕ್ಕೂ ಹೆಚ್ಚಿನದು ಚಿನ್ನದ ಸಣ್ಣ ಕಣಕ್ಕೂ ಹೊಂದುತ್ತದೆ. ಎರಡನ್ನೂ ಹೋಲಿಸಿದಾಗ, ಕಡಲತೀರದ ಒದ್ದೆ ಮರಳಿನ ಉಪ್ಪು ಮಾಡುವ ವಂಚನೆ ಬಯಲಾಗುತ್ತದೆ.

ಆದರೂ ಹೊಸ ಯಂತ್ರದ ಜಾಣತನದಲ್ಲಿ ಒಂದು ಅಪಾಯವಿದೆ. ಪಾನೀಯದ ಡಬ್ಬಿಯಿಂದ ಕಿತ್ತ ಅಲ್ಯೂಮಿನಿಯಂ ಕಿವಿಯೂ ಚಿನ್ನದ ಉಂಗುರವೂ ಹಲವೊಮ್ಮೆ ಒಂದೇ ಬಗೆಯ ಅಂಕಿಯನ್ನು ಕೊಡುತ್ತವೆ. ಕಸ ಬೇಡವೆಂದು ಆ ಅಂಕಿಗೆ ಕಿವಿ ಮುಚ್ಚಿದವನು ಉಂಗುರವನ್ನೂ ತುಳಿದು ಮುಂದೆ ಹೋಗುತ್ತಾನೆ. ಹಳೆಯ ಯಂತ್ರವು ಎಲ್ಲವನ್ನೂ ಹೇಳಿ ತೀರ್ಪನ್ನು ನಮಗೆ ಬಿಡುತ್ತಿತ್ತು. ಹೊಸದು ತೀರ್ಪನ್ನೂ ತಾನೇ ಕೊಡುತ್ತದೆ. ಆಸ್ಟ್ರೇಲಿಯದ ಖನಿಜಭರಿತ ಕೆಮ್ಮಣ್ಣಿನಲ್ಲಿ ಚಿನ್ನ ಹುಡುಕುವವರು ವಿದ್ಯುತ್ತನ್ನು ಮಿಡಿತಗಳಾಗಿ ಹರಿಸುವ ಮತ್ತೊಂದು ಬಗೆಯ ಶೋಧಕವನ್ನು ಮೆಚ್ಚುತ್ತಾರೆ. ಅದು ಮಣ್ಣಿಗೆ ಮೋಸಹೋಗುವುದು ಕಡಿಮೆ. ಆದರೆ ಮೊಳೆಯನ್ನು ಬೇರ್ಪಡಿಸುವುದರಲ್ಲಿ ಹಿಂದೆ.

ಆಳದ ವಿಷಯದಲ್ಲಿ ಜಾಹೀರಾತುಗಳನ್ನು ಅಷ್ಟಾಗಿ ನಂಬಬಾರದು. ಸುರುಳಿಯ ಅಗಲವನ್ನು ಮೀರಿ ಆಳಕ್ಕೆ ಹೋದಂತೆ ಕ್ಷೇತ್ರವು ದೂರದ ಘನಕ್ಕನುಗುಣವಾಗಿ ಕುಗ್ಗುತ್ತದೆ. ಮರುದನಿಯು ಮೇಲೇರುವಾಗಲೂ ಹಾಗೆಯೇ ಕುಗ್ಗುತ್ತದೆ. ಆಳವು ಇಮ್ಮಡಿಯಾದರೆ ಹೋಗುವಾಗ ಎಂಟರಲ್ಲೊಂದು, ಬರುವಾಗ ಮತ್ತೆ ಎಂಟರಲ್ಲೊಂದು. ಒಟ್ಟಿನಲ್ಲಿ ಅರುವತ್ತನಾಲ್ಕರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಈ ನಿಯಮವು ಹಳೆಯದಕ್ಕೂ ಹೊಸದಕ್ಕೂ ಒಂದೇ. 2009ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರ್‌ನ ಹೊಲವೊಂದರಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಸ್ವರ್ಣರಾಶಿಯನ್ನು ಪತ್ತೆಹಚ್ಚಿದ ಹವ್ಯಾಸಿಯ ಕೈಯಲ್ಲಿದ್ದ ಯಂತ್ರವು ಹದಿನಾಲ್ಕು ವರ್ಷ ಹಳೆಯದೆಂದು ಆಗ ವರದಿಯಾಗಿತ್ತು.

ದೊರೆತುದನ್ನು ಏನು ಮಾಡಬೇಕೆಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ. ಭಾರತದಲ್ಲಿ 1878ರ ನಿಧಿ ಕಾಯಿದೆಯು, ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ನಾಣ್ಯವು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತೆಂಬುದು ಇತಿಹಾಸಕಾರನಿಗೆ ನಾಣ್ಯದಷ್ಟೇ ಅಮೂಲ್ಯವಾದುದು. ಅವಸರದ ಗುದ್ದಲಿ ಅದನ್ನು ಅಳಿಸಿಬಿಡುತ್ತದೆ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾವ್ಸ್ ಎಂಬವರು ರೈತಮಿತ್ರನ ಕಳೆದುಹೋದ ಸುತ್ತಿಗೆಯನ್ನು ಹುಡುಕುತ್ತಿದ್ದಾಗ ರೋಮನ್ ನಾಣ್ಯಗಳೂ ಬೆಳ್ಳಿಯ ಚಮಚಗಳೂ ಕಾಣಿಸಿಕೊಂಡವು. ಅವರು ಪೂರ್ತಿ ಅಗೆಯದೆ ಕೈತಡೆದು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಪುರಾತತ್ತ್ವಜ್ಞರು ಬಂದು ಹದಿನಾಲ್ಕು ಸಾವಿರಕ್ಕೂ ಮಿಕ್ಕ ನಾಣ್ಯಗಳನ್ನು, ಅವುಗಳನ್ನಿಟ್ಟಿದ್ದ ಮರದ ಪೆಟ್ಟಿಗೆಯ ಗುರುತುಗಳ ಸಮೇತ ಹೊರತೆಗೆದರು. ಸುತ್ತಿಗೆಯೂ ಸಿಕ್ಕಿತು; ಅದೀಗ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.