ಮುಚ್ಚಿದ ಆರೈಕೆ ಮನೆಯ ಜಾಗಕ್ಕೆ ಜಗಳ ಯಾಕೆ?



ನಮ್ಮ ಊರುಗಳಿಂದ ಎಷ್ಟೋ ಹೆಣ್ಣುಮಕ್ಕಳು ಇಂಗ್ಲೆಂಡಿನ ಕೇರ್ ಹೋಮ್‌ಗಳಲ್ಲಿ ವಯಸ್ಸಾದವರ ಆರೈಕೆಯ ಕೆಲಸಕ್ಕೆ ಹೋಗಿದ್ದಾರೆ. “ನಾವಿದ್ದ ಹೋಮ್ ಮುಚ್ಚಿದರು ಅಮ್ಮಾ, ಈಗ ಅಲ್ಲಿ ಫ್ಲ್ಯಾಟ್ ಕಟ್ತಾರಂತೆ” ಎಂಬ ಮಾತು ಅಲ್ಲಿಂದ ಬಂದಾಗ ತಾಯಂದಿರು ಕೇಳುವ ಪ್ರಶ್ನೆ ಒಂದೇ: “ವಯಸ್ಸಾದವರಿದ್ದ ಮನೆ ಕೆಡವಲು ಕಾನೂನು ಹೇಗೆ ಬಿಡುತ್ತದೆ?”

ಇದರಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಹೋಮ್ ಮುಚ್ಚಬಹುದೇ ಎಂಬುದು ಒಂದು. ಆ ಜಾಗದಲ್ಲಿ ಬೇರೇನಾದರೂ ಕಟ್ಟಬಹುದೇ ಎಂಬುದು ಇನ್ನೊಂದು. ಎರಡಕ್ಕೂ ಕಾನೂನು ಬೇರೆ ಬೇರೆ.

ಜಾಗದ ಪ್ರಶ್ನೆ

ಇದನ್ನು ನೋಡುವುದು 1990ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ. ಅಲ್ಲಿ ಕಟ್ಟಡಗಳನ್ನು ಬಳಕೆಯ ಪ್ರಕಾರ ವರ್ಗ ಮಾಡಿದ್ದಾರೆ. 1987ರ ಆದೇಶದಂತೆ ಕೇರ್ ಹೋಮ್, ಆಸ್ಪತ್ರೆ, ವಸತಿ ಶಾಲೆ ಇವು ‘ಸಿ2’. ಸಾಮಾನ್ಯ ವಾಸದ ಮನೆ ‘ಸಿ3’. ಒಂದೇ ವರ್ಗದೊಳಗೆ ಬಳಕೆ ಬದಲಾಯಿಸಿದರೆ ಅನುಮತಿ ಬೇಡ. ಆದರೆ ಹೋಮ್ ಕೆಡವಿ ಫ್ಲ್ಯಾಟ್ ಕಟ್ಟಬೇಕಾದರೆ ಕೌನ್ಸಿಲ್‌ನ ಅನುಮತಿ ಬೇಕೇ ಬೇಕು. ಜಗಳ ಶುರುವಾಗುವುದು ಇಲ್ಲಿಯೇ. ಮುಖ್ಯವಾಗಿ ಮೂರು ವಿಷಯಗಳಲ್ಲಿ ವಾದ ನಡೆಯುತ್ತದೆ:

1. ಆ ಊರಿಗೆ ಈ ಹೋಮ್ ಇನ್ನೂ ಬೇಕೇ? ಅನೇಕ ಕೌನ್ಸಿಲ್‌ಗಳ ಯೋಜನೆಯಲ್ಲಿ, ಆರೈಕೆಯ ಜಾಗ ಕಳೆದುಕೊಳ್ಳುವ ಮೊದಲು ಅದರ ಅಗತ್ಯ ಇಲ್ಲವೆಂದು ಅರ್ಜಿದಾರರೇ ತೋರಿಸಬೇಕು ಎಂಬ ನಿಯಮವಿದೆ.

2. ಹೊಸ ಕಟ್ಟಡ ಎಷ್ಟು ಎತ್ತರ, ಪಕ್ಕದ ಮನೆಗೆ ಬೆಳಕು ಬರುತ್ತದೆಯೇ, ವಾಹನ ಎಲ್ಲಿ ನಿಲ್ಲಿಸುತ್ತಾರೆ, ಹಳೆಯ ಮರಗಳು ಉಳಿಯುತ್ತವೆಯೇ?

3. ಬಡವರ ಕೈಗೆಟಕುವ ಮನೆಗಳು ಎಷ್ಟು? ಖಾಲಿ ಬಿದ್ದ ಕಟ್ಟಡವನ್ನು ಮತ್ತೆ ಬಳಸಿದರೆ ಅಥವಾ ಕೆಡವಿ ಕಟ್ಟಿದರೆ, ಹಳೆಯ ಕಟ್ಟಡದ ವಿಸ್ತೀರ್ಣದಷ್ಟು ಈ ಹೊಣೆಯಲ್ಲಿ ವಿನಾಯಿತಿ ಕೊಡುವ ನೀತಿಯನ್ನು ಸರ್ಕಾರ 2014ರಲ್ಲಿ ತಂದಿತು. ಆದ್ದರಿಂದ “ಹೋಮ್ ತಾನಾಗಿ ಖಾಲಿಯಾಯಿತೋ, ಇಲ್ಲಾ ಕಟ್ಟುವುದಕ್ಕೋಸ್ಕರವೇ ಖಾಲಿ ಮಾಡಿಸಿದರೋ?” ಎಂಬುದೂ ವಾದದ ವಿಷಯವಾಗುತ್ತದೆ.

ಆಕ್ಷೇಪಣೆಗೆ ಸಾಮಾನ್ಯವಾಗಿ 21 ದಿನ ಸಿಗುತ್ತದೆ. ಯಾರು ಬೇಕಾದರೂ ಬರೆಯಬಹುದು. ಆದರೆ “ನಮ್ಮ ಮನೆಯ ಬೆಲೆ ಇಳಿಯುತ್ತದೆ” ಅಂತ ಬರೆದರೆ ಅದನ್ನು ಪರಿಗಣಿಸುವುದಿಲ್ಲ. “ನಮ್ಮ ಅಜ್ಜಿ ಅಲ್ಲಿ ತೀರಿಕೊಂಡರು” ಎಂಬ ನೋವು ನಿಜವಾದದ್ದೇ, ಆದರೂ ಅದರ ಮೇಲೆ ತೀರ್ಮಾನ ಆಗುವುದಿಲ್ಲ. “ಈ ಊರಿನಲ್ಲಿ ಆರೈಕೆಯ ಹಾಸಿಗೆಗಳು ಸಾಲುತ್ತಿಲ್ಲ, ಇಲ್ಲಿದೆ ಲೆಕ್ಕ” ಎಂದು ಬರೆದರೆ ಅದಕ್ಕೆ ತೂಕ ಬರುತ್ತದೆ.

ಇನ್ನೊಂದು ಮಾತು. ಕೌನ್ಸಿಲ್ ಅನುಮತಿ ನಿರಾಕರಿಸಿದರೆ ಅರ್ಜಿದಾರರು ಸಾಮಾನ್ಯವಾಗಿ 6 ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅನುಮತಿ ಕೊಟ್ಟರೆ ನೆರೆಯವರಿಗೆ ಆ ಹಕ್ಕು ಇಲ್ಲ. 6 ವಾರಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಅದೂ ಕಾನೂನಿನ ತಪ್ಪು ನಡೆದಿದ್ದರೆ ಮಾತ್ರ. ಹಾಗಾಗಿ ಮಾತಾಡುವ ಸಮಯ ಮೊದಲ 21 ದಿನವೇ.

ಮನುಷ್ಯರ ಪ್ರಶ್ನೆ

ಹಾಗಾದರೆ ಅಲ್ಲಿ ವಾಸ ಮಾಡುವವರ ಗತಿ? ಬರೀ ಮುಚ್ಚುವುದಕ್ಕೆ ಯೋಜನಾ ಕಾಯ್ದೆಯ ಅನುಮತಿ ಬೇಡ. ಅವರಿಗೆ ರಕ್ಷಣೆ ಬೇರೆ ಕಡೆ ಇದೆ. ಪಮೇಲಾ ಕಾಗ್ಲನ್ ಎಂಬವರು 1971ರ ರಸ್ತೆ ಅಪಘಾತದಲ್ಲಿ ತೀವ್ರ ಅಂಗವಿಕಲತೆಗೆ ಒಳಗಾದವರು. 1993ರಲ್ಲಿ ಅವರನ್ನು ಎಕ್ಸಿಟರ್‌ನ ಆಸ್ಪತ್ರೆಯಿಂದ ಮಾರ್ಡನ್ ಹೌಸ್‌ಗೆ ಸ್ಥಳಾಂತರಿಸಿದಾಗ, “ಇಷ್ಟವಿರುವಷ್ಟು ಕಾಲ ಇದೇ ನಿಮ್ಮ ಮನೆ” ಎಂಬ ಭರವಸೆ ಕೊಡಲಾಗಿತ್ತು. ಆಮೇಲೆ ಅಲ್ಲಿನ ಆರೋಗ್ಯ ಪ್ರಾಧಿಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಪಮೇಲಾ ಕೋರ್ಟಿಗೆ ಹೋದರು. ಆ ತೀರ್ಮಾನ ಕಾನೂನುಬಾಹಿರ ಎಂದು ಮೇಲ್ಮನವಿ ನ್ಯಾಯಾಲಯ 1999ರಲ್ಲಿ ತೀರ್ಪಿತ್ತಿತು. ಕೊಟ್ಟ ಮಾತಿಗೂ, ಮನೆಗೆ ಸಂಬಂಧಿಸಿದ ಮಾನವ ಹಕ್ಕಿಗೂ ಬೆಲೆ ಸಿಕ್ಕಿತು.

ಇದು ಸಾರ್ವಜನಿಕ ಸಂಸ್ಥೆ ಕೊಟ್ಟ ಮಾತಿನ ವಿಷಯ. ಖಾಸಗಿ ಮಾಲೀಕರು ಮುಚ್ಚಿದಾಗ ಇದೇ ವಾದ ಸುಲಭವಾಗಿ ನಿಲ್ಲುವುದಿಲ್ಲ.

ನೆನಪಿಡಬೇಕಾದದ್ದು ಇಷ್ಟೇ: ಹೋಮ್ ಉಳಿಸಬೇಕಾದರೆ ಜನರಿರುವಾಗಲೇ, ಮುಚ್ಚುವ ಸುದ್ದಿ ಬಂದ ದಿನವೇ ಕೇಳಬೇಕು. ಎಲ್ಲರೂ ಹೊರಟುಹೋಗಿ ಬಾಗಿಲಿಗೆ ಬೀಗ ಬಿದ್ದ ಮೇಲೆ ಯೋಜನಾ ಕಾಯ್ದೆಗೆ ಕಾಣುವುದು ಜಾಗ ಮಾತ್ರ. ಅಲ್ಲಿ ಕೆಲಸ ಮಾಡುವ ನಿಮ್ಮ ಮಗಳಿಗೂ ಈ ಮಾತು ತಿಳಿಸಿ. ಏನೂ ಗೊತ್ತಾಗದೆ ಕುಳಿತಿರುವ ಯಾವುದೋ ಅಜ್ಜಿಯ ಮಕ್ಕಳಿಗೆ ಅವಳು ಹೇಳಿಯಾಳು.